ಎರಡು ಸುತ್ತು

ಗೇರ್ ಕೋಲಿನ ಗುಂಡು ತಿರುಗುತ್ತಲೇ ಇತ್ತು,
ಬಿಚ್ಚದೆ, ಬಿಗಿಯದೆ,
ಹಲ್ಲಿಲ್ಲದ ಬಾಯಿ ರಸ್ಕು ತಿರುವಿದ ಹಾಗೆ.
ಎಳೆದೆ. ಕೈಗೇ ಬಂತು.

ಕೋಲಿನ ತುದಿಗೆ ನಲ್ಲಿಯ ಬಿಳಿ ಟೇಪು, ಅದು ನನ್ನದೇ,
ಇಪ್ಪತ್ತು ವರ್ಷದ ಕೆಳಗಿನ ಸೋಮಾರಿತನ.
ಅದರಡಿ ಸಿಗರೇಟು ಪೊಟ್ಟಣದ ಬೆಳ್ಳಿ ಕಾಗದ:
ಅಪ್ಪ. ಮಡಿಕೆ ಮಡಿಕೆಯಾಗಿ, ಉಗುರಲ್ಲಿ ತೀಡಿದ್ದು.
ಎಲ್ಲಕ್ಕಿಂತ ಒಳಗೆ, ಕಪ್ಪು ಹೊಲಿಗೆ ದಾರ.
ಗಂಟು ನೋಡಿದರೇ ಗೊತ್ತು ಯಾರ ಕೈ ಅಂತ.
ದಾರದ ಎಳೆ ಬಿಚ್ಚಿದರೆ ಉಕ್ಕಿನ ಎಳೆ,
ಒಂದರ ಮೈಮೇಲೊಂದು ಮಗುಚಿ ಬಿದ್ದಿವೆ.

ಅಮ್ಮ ಷೆಡ್ಡಿನ ಬಾಗಿಲಲ್ಲಿ, ಬೋರಲು ಹಾಕಿದ ಹಾಲಿನ ಕ್ರೇಟಿನ ಮೇಲೆ.
ಎಂಬತ್ತಾರು ಅವಳಿಗೆ. ಅಬರ್‌ಡೇರಿನ ಅರ್ಧ ಊರಿಗೆ
ಇದೇ ಮಾರಿಸ್ ಮೈನರಿನಲ್ಲಿ ಡ್ರೈವಿಂಗ್ ಕಲಿಸಿದವಳು;
ಗಣಿಯವರಿಗೆ, ನರ್ಸುಗಳಿಗೆ, ಮೂರು ಸಲ ಫೇಲಾದ ಪಾದ್ರಿಗೆ.
ಅವರ ಕೈ ಮೇಲೆ ತನ್ನ ಕೈ ಇಟ್ಟು
‘ತಳ್ಳಬೇಡಿ, ಅದೇ ದಾರಿ ಹುಡುಕುತ್ತೆ’ ಅನ್ನುತ್ತಿದ್ದವಳು.

‘ಯಾರಮ್ಮ ಇದನ್ನ ಹೀಗೆ ಮಾಡಿದ್ದು?’
‘ಹಳೇದಾಯ್ತು. ಅದಕ್ಕೂ ಒಬ್ಬರು ಬೇಕಾ?’

ಗೇಜು ಇಟ್ಟು ನೋಡಿದೆ.
ಕೋಲು ನಮ್ಮ ಇಂಚಿನದು, ಇಂಚಿಗೆ ಇಪ್ಪತ್ನಾಲ್ಕು ಎಳೆ.
ಗುಂಡು ಎಂಟು ಮಿಲಿಮೀಟರಿನದು, ಆಲಿವ್ ಮರದ್ದು, ಬೇರೆ ದೇಶದ ಲೆಕ್ಕ.
ದಪ್ಪದಲ್ಲಿ ಕೂದಲೆಳೆಯ ವ್ಯತ್ಯಾಸ, ಕಣ್ಣಿಗೆ ಕಾಣದು.
ಇಳಿಜಾರು ಮಾತ್ರ ಬೇರೆ.

‘ಕೊರ್ರಾದೊ’ ಎಂದಳು ಚಹಾದ ಕಪ್ಪಿನೊಳಕ್ಕೆ.
‘ಸ್ಟೇಷನ್ ಪಕ್ಕ ಐಸ್‌ಕ್ರೀಮ್ ಕೆಫೆ ಇತ್ತಲ್ಲ, ಅವರ ಕಿರಿಯವನು.
ಏರಿನಲ್ಲಿ ನಿಲ್ಲಿಸಿದ ಗಾಡಿ ಎತ್ತೋಕೆ ಬರ್ತಿರಲಿಲ್ಲ,
ಹನ್ನೊಂದು ಪಾಠ ತಗೊಂಡ.
ಪಾಸಾದ ದಿನ ಇದನ್ನ ಕೊಟ್ಟ, ಅವರೂರಿಂದ ತರಿಸಿದ್ದಂತೆ.
ಎರಡು ಸುತ್ತು ಬೆಣ್ಣೆ ಹಾಗೆ ಹೋಯ್ತು ಮೆರೆರಿದ್.
ಎರಡು ಸುತ್ತು ಹೋದರೆ ಒಪ್ಪಿತು ಅಂದುಕೊಂಡೆ.
ಮೂರನೇದಕ್ಕೆ ಬಟ್ಟೆ ಸುತ್ತಿ ಇಕ್ಕಳ ಹಾಕಿದೆ.’

ಮುಂದಿನದನ್ನು ನಾನು ಕೇಳಲಿಲ್ಲ.
ಅವಳೇ ಸ್ವಲ್ಪ ಹೊತ್ತು ಬಿಟ್ಟು:
‘ಪ್ರತಿ ಚಳಿಗಾಲ ಅಲ್ಲಾಡೋಕೆ ಶುರುವಾಗೋದು.
ನಿಮ್ಮಪ್ಪ ಒಂದು ಕಾಗದ ಸೇರಿಸೋರು. ಲೂಸಾಗಿದೆ ಅನ್ನೋರು. ಅಷ್ಟೇ.’

ತುದಿಯ ಮೂರು ಸುತ್ತು ಸತ್ತೇ ಹೋಗಿತ್ತು,
ಅರ ಹಾಕಿ ಉಜ್ಜಿ ತೆಗೆದೆ.
ಆಮೇಲೆ ಡೈ, ಒಂದು ಹನಿ ಎಣ್ಣೆ,
ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ.
ಹಿಂದೆ ಬರುವಾಗಲೇ ಚೂರು ಮುರಿಯುವುದು,
ಮುಂದೆ ಹೋಗುವಾಗ ಅಲ್ಲ. ಇದನ್ನು ಹುಡುಗರಿಗೆ
ಹೇಳಿ ಹೇಳಿ ನನ್ನ ಗಂಟಲು ಹೋಗಿದೆ.
ಕಪ್ಪೆಣ್ಣೆಯಲ್ಲಿ ಮಿನುಗು, ಬೆರಳಿಗೆ ಚುಚ್ಚುವ ಮಿನುಗು.
ಉಳಿದದ್ದು ಎಂಟು ಸುತ್ತು. ಸಾಕು.

ಗುಂಡಿನ ಹೊಟ್ಟೆ ಕೊರೆದೆ,
ಹಿತ್ತಾಳೆಯ ಕೊಳವೆ ಕೂರಿಸಿದೆ, ಒಳಗೆ ಇಂಚಿನ ಎಳೆ.
ಮರದ ಪುಡಿಗೆ ಐವತ್ತು ವರ್ಷದ ಮೇಲೂ ಖಾರದ ವಾಸನೆ.
‘ಕೊರೆದೆಯಾ?’
‘ಇಲ್ಲದಿದ್ದರೆ ಎಸೀಬೇಕಿತ್ತು.’
‘ಹೂಂ.’

ಎಂಟೂ ಸುತ್ತು ಹೋಗಿ ಗಕ್ಕನೆ ನಿಂತಿತು.
ನೆತ್ತಿಯ ಮೇಲೆ ಕೆತ್ತಿದ ಗೇರಿನ ನಕ್ಷೆ ಮಾತ್ರ ಕಾಲು ಸುತ್ತು ವಾರೆ,
ಒಂದನೇ ಗೇರು ಎಡಗಿಟಕಿಯ ಹೊರಗಿನ ಮಳೆ ತೋರಿಸುತ್ತಿತ್ತು.
ಕೆಳಗೊಂದು ನಟ್ಟು ಕೊಟ್ಟರೆ ನೆಟ್ಟಗಾಗುತ್ತೆ ಎಂದೆ.

ಅವಳಾಗಲೇ ಎದ್ದು ಬಂದು ಎಡಗಡೆ ಕೂತಿದ್ದಳು, ತನ್ನ ಸೀಟಿನಲ್ಲಿ.
ಕೈ ಚಾಚಿದಳು, ಗುಂಡಿನ ಮೇಲಲ್ಲ,
ಅದಕ್ಕಿಂತ ಒಂದು ಅಂಗೈ ದಪ್ಪ ಮೇಲೆ,
ಗಾಳಿಯಲ್ಲಿ ಹಾಗೇ ಹಿಡಿದು ಕೂತಳು.

ನಾನು ಎಣ್ಣೆಗೈ ಒರೆಸುತ್ತ ನಿಂತೇ ಇದ್ದೆ.

‘ಬಾ’ ಎಂದಳು. ‘ಏರಿನಲ್ಲಿ ಎತ್ತೋದು ನಿನಗೂ ಇನ್ನೂ ಬರಲ್ಲ.’