ಸೊನ್ನೆ ಸುತ್ತು

ಹನ್ನೊಂದು ಎಕರೆ ನಾಲ್ಕು ಗುಂಟೆ,
ಕಾಗದದ ಮೇಲೆ ಆಟದ ಬಯಲು.
ನೌಬಾದಿನ ಆಚೆ ಬಂದು ನೋಡಿದರೆ
ಮುರಮ್ಮಿನ ಕೆಂಪು ಹಲ್ಲು, ಕಾಂಗ್ರೆಸ್ ಕಸ, ಬಂದರಿ ಪೊದೆ,
ಎದೆಮಟ್ಟ ಹುಲ್ಲು,
ಹುಲ್ಲಿನೊಳಗೆ ಬಾಯಿ ತೆರೆದು ಮಲಗಿದ
ಸುರಂಗ ಬಾವಿಯ ಮೂರು ಕಿಂಡಿ.
ಹೋದ ಶ್ರಾವಣದಲ್ಲಿ ಒಳಗೆ ಬಿದ್ದ ಚೆಂಡು
ಇನ್ನೂ ಬೀಳುತ್ತಲೇ ಇದೆ ಅಂತ
ಎಂಟನೇ ತರಗತಿಯ ಹುಡುಗಿಯರ ನಂಬಿಕೆ.

ಸಮಿತಿ ಹೇಳಿತು: ಮಷೀನ್ ತಗೊಳ್ರಿ,
ಯಾವುದಂತ ನೀವೇ ಬರೆದು ಕೊಡ್ರಿ, ಒಂದೇ ಪುಟ.
ಸೀಟಿ ಊದುವವಳಿಗೆ, ರಿಲೇ ಕೋಲು ಎಣಿಸಿಡುವವಳಿಗೆ
ಅಶ್ವಶಕ್ತಿಯ ಲೆಕ್ಕ ಬಂತು.

ಹುಮನಾಬಾದ್ ರಸ್ತೆಯ ಅಂಗಡಿಯಲ್ಲಿ ಮುನೀರುದ್ದೀನ್ ಸಾಬರು
ಸ್ಟೀರಿಂಗ್ ಇಲ್ಲದ ಗಾಡಿಯ ಮೇಲೆ ನನ್ನ ಕೂರಿಸಿದರು.
ಎರಡು ಕೈಗೆ ಎರಡು ಹಿಡಿಕೆ.
"ಬಲದ್ದು ಮುಂದ, ಎಡದ್ದು ಹಿಂದ, ನೋಡ್ರಿ ಅಕ್ಕೋರೆ,
ನಿಂತಲ್ಲೇ ತಿರುಗ್ತದ. ಜೀರೋ ಟರ್ನ್!
ಎತ್ತಿಗಿ ಸಾಲಿನ ತುದ್ಯಾಗ ಎಷ್ಟು ಜಾಗಾ ಬೇಕು?
ಇದಕ್ಕ ಒಂದ್ ಚಾಪಿಯಷ್ಟು ಸಾಕು."
ನುಣ್ಣನೆಯ ಫರಸಿಯ ಮೇಲೆ ಬುಗುರಿಯಂತೆ ಸುತ್ತಿದೆ
ನಲವತ್ತಾರರ ವಯಸ್ಸಲ್ಲಿ,
ಸೆರಗು ಸಿಕ್ಕೀತೆಂದು ಹಲ್ಲಲ್ಲಿ ಕಚ್ಚಿ.

ಇಳಿದ ಮೇಲೆ ತಲೆ ನೆಟ್ಟಗಾಗಿ ಕೇಳಿದೆ:
ಅರವತ್ತು ಇಂಚಿನದು ಬೇಗ ಮುಗಿಸುತ್ತದೆ, ಸರಿ,
ಎರಡು ಕಲ್ಲಿನ ನಡುವೆ ಹೋಗುವುದು ಹೇಗೆ?
ಬ್ಲೇಡಿನ ಮುಚ್ಚಳ ಒತ್ತಿದ ತಗಡೋ, ಬೆಸೆದ ದಪ್ಪ ಹಾಳೆಯೋ?
(ಬೆರಳ ಗಂಟಿನಿಂದ ಬಡಿದೆ, ಸಂತೆಯಲ್ಲಿ ಗಡಿಗೆ ಬಡಿದಂತೆ.)
ಇಳಿಜಾರಲ್ಲಿ ಮುಂದಿನ ಚಿಕ್ಕ ಗಾಲಿ ತನ್ನಿಷ್ಟಕ್ಕೆ ಹೊರಳಿದರೆ
ಹಿಡಿಯುವವರು ಯಾರು?
ಬೆಲ್ಟ್ ಕಡಿದರೆ ಬೀದರಿನಲ್ಲೇ ಸಿಗುತ್ತದೋ
ಹೈದರಾಬಾದಿಗೆ ಓಡಬೇಕೋ?
ಸಾಬರು ಚಹಾ ತರಿಸಿದರು.

ಗಾಡಿ ಒಂದು ದಿನದ ಮಟ್ಟಿಗೆ ಬಂತು, ಪರೀಕ್ಷೆಗೆ.
ಬೇವಿನ ಕೆಳಗೆ ಘಾಳೆಪ್ಪ ಕುಡುಗೋಲು ಮಸೆಯುತ್ತಿದ್ದ.
ಇಪ್ಪತ್ತೆರಡು ವರ್ಷ ಈ ಹುಲ್ಲು ಕೊಯ್ದ ಕೈ.
ತಲೆ ಎತ್ತಲಿಲ್ಲ.
ಮೊದಲ ಸುತ್ತಿಗೇ ಖಣ್!
ಬ್ಲೇಡು ಕಲ್ಲಿಗೆ, ನನ್ನ ಹಲ್ಲು ಹಲ್ಲಿಗೆ.
ಆಗ ಎದ್ದು ಬಂದ.
"ನೆಲಾ ಕೇಳ್ದೇ ಹೊಂಟ್ರ ಹಿಂಗೇ ಆಗ್ತದ್ರಿ."

ಒಂದು ಬಕೆಟ್ ಸುಣ್ಣ, ಒಂದು ಮೊಂಡು ಪೊರಕೆ.
ಬರಿಗಾಲಲ್ಲಿ ಹುಲ್ಲೊಳಗೆ ಹೊಕ್ಕ.
ಹೆಬ್ಬೆರಳಿಗೆ ಕಲ್ಲು ತಾಗಿದಲ್ಲೆಲ್ಲ
ಹುಲ್ಲು ತುಳಿದು ಒಂದು ಬಿಳಿ ಸುತ್ತು,
ಕಿಂಡಿಗಳಿಗೆ ಮೂರು ಮೂರು.
ಸಂಜೆ ನೀರಿನ ಟಾಕಿ ಹತ್ತಿ ನೋಡಿದೆ:
ಯಾರೋ ಅವಸರದಲ್ಲಿ ಚುಕ್ಕಿ ಇಟ್ಟು
ಎಳೆ ಎಳೆಯಲು ಮರೆತ ಅಂಗಳ.

ಆ ರಾತ್ರಿ ಪುಟ ಬರೆದೆ.
ನಲವತ್ತೆರಡು ಇಂಚು ಸಾಕು. ದಪ್ಪ ಹಾಳೆಯದೇ ಬೇಕು.
ಸೀಟಿನ ಕೆಳಗೆ ಸ್ಪ್ರಿಂಗ್ ಇರಲಿ, ಬೆನ್ನು ಮನುಷ್ಯರದು.
ಕಿಂಡಿಗಳ ಸುತ್ತಲ ಎರಡು ಎಕರೆ ಕುಡುಗೋಲಿಗೇ ಬಿಡತಕ್ಕದ್ದು.
ನಡೆಸುವವರು: ಘಾಳೆಪ್ಪ. ಪಗಾರ ಹೆಚ್ಚಿಸತಕ್ಕದ್ದು.
(ಕೊನೆಯ ಸಾಲಿಗೆ ಅಧ್ಯಕ್ಷರು ಕೆಂಪು ಶಾಯಿಯಲ್ಲಿ
ಪ್ರಶ್ನೆಚಿಹ್ನೆ ಹಾಕಿ ಕಳಿಸಿದ್ದಾರೆ.
ನಾನು ಅದರ ಪಕ್ಕ ಇನ್ನೊಂದು ಹಾಕಿದ್ದೇನೆ.)

ಈಗ ಅವನೇ ಕೂರುತ್ತಾನೆ, ರುಮಾಲು ಬಿಗಿದು,
ಹಿಡಿಕೆಗಳನ್ನು ಮೂಗುದಾರದಂತೆ ಹಿಡಿದು.
ಯಂತ್ರಕ್ಕೆ "ಹೋ" ಅನ್ನುತ್ತಾನೆ.
ಅದು ನಿಲ್ಲುತ್ತದೆ, ಕೈ ಎಳೆದಿದ್ದಕ್ಕೋ ಕೂಗಿಗೋ.
ಚುಕ್ಕಿ ಬಳಸಿ, ಚುಕ್ಕಿ ಬಳಸಿ
ಬಯಲು ಮೆಲ್ಲಗೆ ಬೆಳ್ಳಗಾಗುತ್ತದೆ.

ನಿನ್ನೆ, ಕೊಯ್ದ ಕಡೆ, ಗೋಲ್ ಕಂಬದ ಹತ್ತಿರ
ಒಂದು ಹೊಸ ಸುಣ್ಣದ ಸುತ್ತು.
ಕಲ್ಲೆಷ್ಟು ದೊಡ್ಡದು, ಕಿತ್ತಿಸೋಣವೆಂದು ಹೋದೆ.
ಕಲ್ಲಿಲ್ಲ.
ಮಣ್ಣಿನ ಬಣ್ಣದ ನಾಲ್ಕು ಮೊಟ್ಟೆ, ಮೈತುಂಬ ಕರಿ ಮಚ್ಚೆ.
ತಲೆಯ ಮೇಲೆ ಟಿಟ್ಟಿಭದ ಒಂದೇ ಸಮನೆ ಬೈಗುಳ.
ಘಾಳೆಪ್ಪನನ್ನು ನೋಡಿದೆ.
ಅವನು ಗಾಲಿಗೆ ಸಿಕ್ಕ ಹುಲ್ಲು ಬಿಡಿಸುತ್ತಿದ್ದ.
"ಅದೂ ಕಲ್ಲೇ ಅಂತ ಬರಕೊಳ್ರಿ ಅಕ್ಕೋರೆ,
ಇನ್ನೊಂದು ಹದಿನೈದು ದಿನ."