ಆದಾಯ ಹೆರಿಗೆ

ಪೇಂಟರ್ ಗಫೂರನಿಗೆ ಆ ವಾರವೆಲ್ಲ
ನರ್ಸಿಂಗ್ ಹೋಮಿನ ಗೋಡೆ ಕೆಲಸ.
ಕೈಗೆ ಅದೇ ಅಕ್ಷರ ಹತ್ತಿತ್ತೋ ಏನೋ,
ನನ್ನ ಗೇಟಿನ ತಗಡಿನ ಮೇಲೂ
ಹಳದಿಯಲ್ಲಿ ದಪ್ಪಗೆ ಬರೆದು ಹೋಗಿದ್ದ:
ಕೆ. ಎಸ್. ಜಲಜಾಕ್ಷಿ, ಬಿ.ಕಾಂ.
ಆದಾಯ ಹೆರಿಗೆ ಮಾಡಿಕೊಡಲಾಗುವುದು.

ಇಡೀ ಸಾಲಗಾಮೆ ರಸ್ತೆ ನಕ್ಕಿತು.
ಮಗಳ ಉಗುರುಬಣ್ಣ ತಂದು ಹೆ-ಯನ್ನು ತೆ ಮಾಡಿದೆ.
ಬಿಸಿಲು ಬಿದ್ದಾಗ ಈಗಲೂ
ಒಳಗಿಂದ ಹಳೆಯದು ಇಣುಕುತ್ತದೆ.

ಹದಿನೇಳು ವರ್ಷ ಬಿ.ಎಂ. ರಸ್ತೆಯ ಮಹಡಿಯಲ್ಲಿ
ಆಡಿಟರ್ ಸಾಹೇಬರ ಕಡತಕ್ಕೆ ದಾರ ಕಟ್ಟಿದೆ.
ಲೆಕ್ಕ ನನ್ನದು, ಸಹಿ ಅವರದು,
ತಪ್ಪಾದರೆ ಮಾತ್ರ ತಪ್ಪು ನನ್ನದು.
ಕಚೇರಿ ಮುಚ್ಚಿದ ದಿನ ಕೊಟ್ಟದ್ದು ಒಂದು ಕ್ಯಾಲ್ಕುಲೇಟರ್.
ಏಳು ಒತ್ತಿದರೆ ಎರಡು ಸಲ ಬೀಳುತ್ತದೆ.

ಹೊಲಿಗೆ ಮಿಷನ್ನಿನ ತಲೆ ಒಳಕ್ಕೆ ಮಡಚಿ
ಮೇಲೆ ಲ್ಯಾಪ್‌ಟಾಪ್ ಇಟ್ಟೆ.
ಕಾಲು ಸುಮ್ಮನಿರದು;
ಒಟಿಪಿ ಬಾರದೆ ಪರದೆ ಸುತ್ತುತ್ತ ನಿಂತಾಗ
ಏನೂ ಹೊಲಿಯದ ಚಕ್ರ ಗಡಗಡ ಓಡುತ್ತದೆ.
ಬಂದವರು ಕೂರಲು ಊಟದ ಮೇಜಿನ ಕುರ್ಚಿ,
ಹೀಗಾಗಿ ಜುಲೈ ಪೂರ್ತಿ ನಮಗೆ ನೆಲದ ಮೇಲೇ ಊಟ.

ಬಂದರು.
ಫಾರಂ ಹದಿನಾರನ್ನು ಜಾತಕದ ಹಾಗೆ
ಅರಿಶಿನ ಹಚ್ಚಿದ ಕವರಿನಲ್ಲಿ ತಂದ ಮೇಷ್ಟ್ರು.
ಡಿಪೋದಿಂದ ಖಾಕಿಯಲ್ಲೇ ಕಂಡಕ್ಟರ್ ಹೊನ್ನೇಗೌಡರು,
ಪಾಸ್‌ವರ್ಡ್ ಕೇಳಿದರೆ ಚಿಲ್ಲರೆಗೆಂಬಂತೆ ಜೇಬು ತಡಕುವವರು.
ನೈಟ್ ಡ್ಯೂಟಿ ಮುಗಿಸಿದ ನರ್ಸ್ ರೋಸಲಿನ್,
ರೀಫಂಡ್ ಎಷ್ಟೆಂದು ಕೇಳಿ, ಉತ್ತರ ಬರುವಷ್ಟರಲ್ಲಿ
ಗೋಡೆಗೊರಗಿ ನಿದ್ದೆ ಹೋದವಳು.
ಇನ್ನೂರೈವತ್ತು ನನ್ನ ದರ. ಕೆಲವರು ಆಲೂಗಡ್ಡೆ ತಂದರು.
ತೂಗಿ ಬರೆದುಕೊಂಡೆ. ಅದೂ ಆದಾಯವೇ.

ಊರಿನ ಗುಟ್ಟೆಲ್ಲ ಬಡ್ಡಿಯ ಕಾಲಮ್ಮಿನಲ್ಲಿದೆ.
ಯಾವ ಗಂಡ ಹೇಳದೆ ಠೇವಣಿ ಇಟ್ಟಿದ್ದಾನೆ,
ಯಾವ ಅತ್ತೆ ಸೊಸೆಯ ಹೆಸರಿಗೆ ಕಟ್ಟುತ್ತಿದ್ದಾಳೆ,
ಎಲ್ಲ ನನಗೆ ಗೊತ್ತು. ಮಾರ್ಕೆಟ್ಟಿನಲ್ಲಿ ಎದುರಾದರೆ
ಬದನೆಕಾಯಿ ಚೆನ್ನಾಗಿದೆ ಅಂತೀನಿ, ಅಷ್ಟೇ.

ಒಂದು ಸಂಜೆ ಪಾಲಿಟೆಕ್ನಿಕ್ಕಿನ ಧರಣೇಂದ್ರ ಬಂದರು.
"ಅಮ್ಮನಿಗೆ ಬಾಡಿಗೆ ಕೊಡ್ತೀನಿ ಅಂತ ಹಾಕಿ ಮೇಡಂ,
ತೊಂಬತ್ತಾರು ಸಾವಿರ. ಲಕ್ಷ ದಾಟೋದು ಬೇಡ."
"ಕೊಡ್ತೀರಾ?"
"ಮನೆ ಅಮ್ಮನ ಹೆಸರಲ್ಲೇ ಇದೆ."
"ಕೊಡ್ತೀರಾ ಅಂದೆ."
ನನ್ನ ಕಾಲು ಪೆಡಲು ತುಳಿಯಿತು.
"ಹೋದ ವರ್ಷದ್ದು ಬಿಡಿ ಸಾರ್, ಸುಳ್ಳಾಗುತ್ತೆ.
ಈ ತಿಂಗಳಿಂದ ಅವರ ಖಾತೆಗೆ ಹಾಕಿ,
ಬರೋ ವರ್ಷಕ್ಕೆ ನಿಜವಾಗಿರುತ್ತೆ."
ಫಾರಂ ತುಂಬಿಸಿಕೊಂಡು, ಫೀಸು ಕೊಡದೆ ಎದ್ದು ಹೋದರು.
ಬಾಯಿ ಬಿಗಿ ಹಿಡಿಯಬಾರದಿತ್ತಾ, ಅಂದರು ನಮ್ಮನೆಯವರು.
ಇರಬಹುದು. ಆ ರಾತ್ರಿ ಸಾರಿಗೆ ಎರಡು ಸಲ ಉಪ್ಪು ಬಿತ್ತು.

ಮರುವರ್ಷ ಜುಲೈ, ಗೇಟು ಸದ್ದಾಯಿತು.
ಹತ್ತಿಸೀರೆ, ಕೈಚೀಲ, ಚೀಲದಲ್ಲಿ ಪಾಸ್‌ಬುಕ್ಕು:
ಅನಂತಮತಮ್ಮ, ಧರಣೇಂದ್ರರ ತಾಯಿ.
"ತಿಂಗಳಾ ತಿಂಗಳಾ ಎಂಟು ಸಾವಿರ ಹಾಕ್ತಾನೆ ಕಣಮ್ಮ,
ನಿನ್ನ ಬೈಕೊಂಡೇ ಹಾಕ್ತಾನೆ.
ಈಗ ನಾನೂ ತೆರಿಗೆ ಕಟ್ಟಬೇಕೇನು?"
ಬೆರಳಿಟ್ಟು ಕೂಡಿದೆ. "ಇಲ್ಲಮ್ಮ, ಮಿತಿಯ ಒಳಗೇ ಇದೀರಿ."
ಮುಖ ಸಣ್ಣದಾಯಿತು.
"ಸೊನ್ನೆ ಅಂತಲಾದರೂ ಬರಿ.
ನನ್ನ ಹೆಸರಲ್ಲೂ ಒಂದು ಕಾಗದ ಇರಲಿ."

ಬರೆದೆ. ಬಾಡಿಗೆ ಇಷ್ಟು;
ದುರಸ್ತಿಗೆಂದು ಸರ್ಕಾರ ಬಿಡುವುದು ನೂರಕ್ಕೆ ಮೂವತ್ತು.
"ಏನು ದುರಸ್ತಿ?"
"ಯಾರೂ ಕೇಳಲ್ಲ, ನಿಮ್ಮಿಷ್ಟ."
"ಹಾಗಾದರೆ ಹಲ್ಲು ಕಟ್ಟಿಸ್ತೀನಿ."

ಅವರದೇ ಫೋನಿಗೆ ಒಟಿಪಿ ಬಂತು.
ಆರು ಅಂಕಿ, ಮಗ್ಗಿಯಂತೆ ಗಟ್ಟಿಯಾಗಿ ಓದಿದರು.
ಪ್ರಿಂಟರು ನರಳಿ ನರಳಿ ಒಂದು ಹಾಳೆ ಹೊರಗೆ ಬಿಟ್ಟಿತು.
ಇನ್ನೂ ಬಿಸಿಯಿತ್ತು. ಎರಡೂ ಕೈ ಚಾಚಿ,
ಸೆರಗಿನಲ್ಲಿ ಹಿಡಿದುಕೊಂಡರು.

ಆಮೇಲೆ ಐನೂರು ಎಣಿಸಿಟ್ಟರು, ಮಗನ ಹಳೆಯದೂ ಸೇರಿಸಿ.
ಗೇಟಿನ ತನಕ ಹೋಗಿ ತಿರುಗಿ ಬಂದರು:
"ರಸೀತಿ ಕೊಡಮ್ಮ."