ಖಾಲಿ ಕಡತ

ಸೊಸೈಟಿ ಜೇನಿಗೆ ಐನೂರ ನಲವತ್ತೆಂದು
ಹೊಸ ದರ ಬರೆದು, ಕಡತ ಏರಿಸಿ ಅರ್ಧ ಗಂಟೆಯಾಯಿತು.
ಭಾಗಮಂಡಲದಿಂದ ಬಿದ್ದಪ್ಪಣ್ಣನ ಫೋನು:
"ಇನ್ನೂ ನಾನೂರ ಎಂಬತ್ತೇ ತೋರಿಸ್ತಿದೆಯಲ್ಲಾ!"

ಸರ್ವರಿಗೆ ಹಳೆಯದು ಬಾಯಿಪಾಠ;
ಪುಸ್ತಕ ತೆರೆಯದ ಗುಮಾಸ್ತ.

ಎಬ್ಬಿಸೋಣವೆಂದರೆ ಯಂತ್ರ ನಮ್ಮೊಬ್ಬರದಲ್ಲ.
ಅದೇ ಪೆಟ್ಟಿಗೆಯೊಳಗೆ ಯಾರದೋ ಛತ್ರ, ಯಾರದೋ ಟ್ಯೂಷನ್ನು,
ಮುಖ ಕಾಣದ ನೆರೆಹೊರೆ.
ಆರಿಸಿದರೆ ಒಂದು ಮದುವೆಯೇ ನಿಂತೀತು;
ಮೇನ್ ಸ್ವಿಚ್ಚೂ ನನ್ನ ಕೈಗಿಲ್ಲ.

ನನಗೆ ಬಿಟ್ಟಿರುವುದು ಒಂದು ಖಾಲಿ ಕಡತ.
ಒಂದಕ್ಷರವೂ ಬರೆಯಬೇಕಿಲ್ಲ,
ಮುಟ್ಟಿದರಾಯಿತು,
ಅದರ ಮೈಮೇಲಿನ ಗಳಿಗೆ ಬದಲಾಗುತ್ತದೆ.
ಮುಂದಿನ ಗಿರಾಕಿ ಬಾಗಿಲು ತಟ್ಟಿದಾಗ
ಗುಮಾಸ್ತ ಪುಸ್ತಕ ಬಿಚ್ಚುತ್ತಾನೆ.

ಮುಟ್ಟಿದೆ.

"ಬಂತು! ಏನು ಮಾಡಿದೆ, ಪೊನ್ನವ್ವ?"
ನೀವು ಜೇನುಪೆಟ್ಟಿಗೆಗೆ ಬೆರಳಲ್ಲಿ ತಟ್ಟಿ
ಕಿವಿಗೊಡುತ್ತೀರಲ್ಲ ಅಣ್ಣ,
ಅಷ್ಟೇ.